ಒಂದೇ ಒಂದು ಅಕ್ಷರ ಫೋನನ್ನು ಕೆಡಿಸಬಲ್ಲದೇ? ಫಾರ್ವರ್ಡ್ ಮಾಡುವ ಮುನ್ನ ತಿಳಿಯಿರಿ

"ಎಚ್ಚರಿಕೆ! ಈ ಅಕ್ಷರ ಇರುವ ಮೆಸೇಜ್ ಬಂದರೆ ತೆರೆಯಬೇಡಿ. ತೆರೆದ ಕೂಡಲೇ ನಿಮ್ಮ ಫೋನ್ ಸತ್ತು ಹೋಗುತ್ತದೆ. ಬ್ಯಾಂಕ್ ಖಾತೆಯೂ ಹ್ಯಾಕ್ ಆಗುತ್ತದೆ. ನಿಮ್ಮ ಎಲ್ಲ ಗುಂಪುಗಳಿಗೂ ಕೂಡಲೇ ಕಳುಹಿಸಿ!"

ಇಂತಹ ಸಂದೇಶ ನಿಮ್ಮ ವಾಟ್ಸಾಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಕೆಲವೊಮ್ಮೆ ಅಕ್ಷರದ ಬದಲು ಒಂದು ಫೋಟೋ, ಕೆಲವೊಮ್ಮೆ ಒಂದು ಕಪ್ಪು ಚುಕ್ಕೆ, ಕೆಲವೊಮ್ಮೆ ಒಂದು ತಾರೀಕು. ಬಿಜೈಯ ಕೆಎಸ್‌ಆರ್‌ಟಿಸಿ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವ ಹತ್ತು ನಿಮಿಷದಲ್ಲಿ ಇಂಥದ್ದೊಂದನ್ನು ಓದಿ, ಹೆದರಿ, ಐದು ಗುಂಪುಗಳಿಗೆ ಕಳುಹಿಸಿ ಬಸ್ ಹತ್ತಿಬಿಡಬಹುದು. ಅಷ್ಟು ಸುಲಭ. ಆದರೆ ಹಾಗೆ ಕಳುಹಿಸಿದ್ದರಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಚುಟುಕಾದ ಉತ್ತರ: ಅರ್ಧ ನಿಜ, ಅರ್ಧ ಸುಳ್ಳು. ಒಂದು ಸಣ್ಣ ಅಕ್ಷರ ಜೋಡಣೆ ಫೋನಿನ ಆ್ಯಪ್‌ಗಳನ್ನು ಮುಚ್ಚಿಸಿದ್ದು ನಿಜವಾಗಿಯೂ ನಡೆದಿದೆ. ಆದರೆ ತಪ್ಪು ಅಕ್ಷರದ್ದಲ್ಲ, ಭಾಷೆಯದ್ದಂತೂ ಅಲ್ಲವೇ ಅಲ್ಲ. ಅಕ್ಷರವನ್ನು ಪರದೆಯ ಮೇಲೆ ಬಿಡಿಸುವ ತಂತ್ರಾಂಶದಲ್ಲಿ ಒಂದು ಬಗ್ ಇತ್ತು. ಅದನ್ನು ಹುಡುಕಿದರು, ಸರಿಪಡಿಸಿದರು. ಹೇಗೆ ಹುಡುಕಿದರು ಎಂಬುದನ್ನು ತಿಳಿದುಕೊಂಡರೆ ಮುಂದಿನ ಸಲ ಇಂತಹ ಸಂದೇಶ ಬಂದಾಗ ಏನು ಮಾಡಬೇಕು ಎಂಬುದು ನಿಮಗೇ ಹೊಳೆಯುತ್ತದೆ.

2018ರ ಫೆಬ್ರವರಿಯಲ್ಲಿ ನಡೆದದ್ದೇನು?

ಆ ತಿಂಗಳ ನಡುವಿನಲ್ಲಿ ಜಗತ್ತಿನ ಹಲವೆಡೆ ಒಂದೇ ಸುದ್ದಿ: "ತೆಲುಗಿನ ಒಂದು ಅಕ್ಷರ ಐಫೋನನ್ನು ಕೆಡಿಸುತ್ತದೆ." ಆ ಅಕ್ಷರ ನಮಗೂ ಪರಿಚಿತ. ಕನ್ನಡದ ‘ಜ್ಞಾ’ ಇದೆಯಲ್ಲ, ಜ್ಞಾನ ಎಂಬ ಪದದ ಮೊದಲ ಅಕ್ಷರ, ಅದರ ತೆಲುಗು ರೂಪ.

ಐಒಎಸ್ 11.2.5 ಇದ್ದ ಐಫೋನಿಗೆ ಆ ಅಕ್ಷರವಿರುವ ಸಂದೇಶ ಬಂದರೆ ಅದನ್ನು ತೋರಿಸಲು ಹೊರಟ ಆ್ಯಪ್ ಪಟಕ್ಕನೆ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ತೆರೆದರೆ ಮತ್ತೆ ಅದೇ ಸಂದೇಶ ಕಣ್ಣೆದುರು, ಮತ್ತೆ ಮುಚ್ಚುವುದು. ನೋಟಿಫಿಕೇಶನ್ ಆಗಿ ಬಂದರೆ ಇನ್ನೂ ಕಷ್ಟ. ಆಗ ಆ್ಯಪ್ ಮಾತ್ರವಲ್ಲ, ಫೋನಿನ ಮುಖಪುಟವನ್ನು ನಡೆಸುವ ಭಾಗವೇ ಕುಸಿಯುತ್ತಿತ್ತು. ಆ್ಯಪಲ್‌ನ ಮ್ಯಾಕ್ ಕಂಪ್ಯೂಟರಿಗೂ ಕೈಗಡಿಯಾರಕ್ಕೂ ಇದೇ ತೊಂದರೆ ಇತ್ತು.

ಸುದ್ದಿ ಹರಡಿದಂತೆ ಕೀಟಲೆಯೂ ಹರಡಿತು. ಗೆಳೆಯರ ಫೋನ್ ಕೆಡಿಸಲೆಂದೇ ಆ ಅಕ್ಷರವನ್ನು ಕಳುಹಿಸುವವರು ಹುಟ್ಟಿಕೊಂಡರು. ಜಾಲತಾಣಗಳಲ್ಲಿ ಕೆಲವರು ತಮ್ಮ ಹೆಸರಿನ ಜಾಗದಲ್ಲೇ ಅದನ್ನು ಬರೆದುಕೊಂಡರು.

2018ರ ಫೆಬ್ರವರಿ 19ರಂದು ಆ್ಯಪಲ್ ಐಒಎಸ್ 11.2.6 ಬಿಡುಗಡೆ ಮಾಡಿತು. ಅದೇ ದಿನ ಮ್ಯಾಕ್ ಮತ್ತು ಕೈಗಡಿಯಾರಕ್ಕೂ ಅಪ್‌ಡೇಟ್ ಬಂತು. ಅಲ್ಲಿಗೆ ಆ ಬಗ್‌ನ ಕಥೆ ಮುಗಿಯಿತು. ಅಂದರೆ ಇಂದು ಯಾರಾದರೂ "ತೆಲುಗು ಅಕ್ಷರದಿಂದ ಐಫೋನ್ ಸಾಯುತ್ತದೆ" ಎಂದು ಕಳುಹಿಸಿದರೆ, ಅದು ಎಂದೋ ಗುಣವಾದ ಕಾಯಿಲೆಯ ಸುದ್ದಿ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಕೋಟಿಗಟ್ಟಲೆ ಜನ ದಿನವೂ ತೆಲುಗು ಬರೆಯುತ್ತಾರೆ. ಜ್ಞಾನ, ವಿಜ್ಞಾನ, ಆಜ್ಞೆ ಎಂದೆಲ್ಲ ಬರೆಯುತ್ತಾರೆ. ಅವರ ಐಫೋನುಗಳೆಲ್ಲ ದಿನವೂ ಕೆಡಬೇಕಿತ್ತಲ್ಲ? ಏಕೆ ಕೆಡಲಿಲ್ಲ? ಇದಕ್ಕೆ ಉತ್ತರ ಬೇಕಾದರೆ ಫೋನಿನೊಳಗೆ ಅಕ್ಷರಗಳು ಹೇಗಿರುತ್ತವೆ ಎಂದು ನೋಡಬೇಕು.

‘ಬಿಜೈ’ಯಲ್ಲಿ ಎಷ್ಟು ಅಕ್ಷರಗಳಿವೆ?

ಎರಡು ಎನ್ನುತ್ತೀರಿ. ‘ಬಿ’ ಮತ್ತು ‘ಜೈ’. ಶಾಲೆಯಲ್ಲಿ ಕೇಳಿದರೆ ಅದೇ ಸರಿಯುತ್ತರ. ಆದರೆ ಫೋನಿನ ಲೆಕ್ಕವೇ ಬೇರೆ. ಜಗತ್ತಿನ ಎಲ್ಲ ಲಿಪಿಗಳಿಗೂ ಅಂಕಿ ಕೊಡುವ ಯೂನಿಕೋಡ್ ಎಂಬ ಪದ್ಧತಿಯಲ್ಲಿ ‘ಬಿಜೈ’ ಎಂದರೆ ನಾಲ್ಕು ತುಂಡುಗಳು: ಬ, ಗುಡಿಸಿನ ಚಿಹ್ನೆ, ಜ, ಐತ್ವದ ಚಿಹ್ನೆ. ಬೇಕಿದ್ದರೆ ನಿಮ್ಮ ಫೋನಿನಲ್ಲಿ ‘ಬಿಜೈ’ ಎಂದು ಬರೆದು ಒಂದು ಸಲ ಅಳಿಸುವ ಗುಂಡಿ ಒತ್ತಿ ನೋಡಿ. ಹೆಚ್ಚಿನ ಫೋನುಗಳಲ್ಲಿ ‘ಜೈ’ ಪೂರ್ತಿ ಹೋಗುವುದಿಲ್ಲ, ‘ಬಿಜ’ ಉಳಿಯುತ್ತದೆ. ತುಂಡುಗಳು ಬೇರೆಬೇರೆ ಇವೆ ಎನ್ನುವುದಕ್ಕೆ ಅದೇ ಸಾಕ್ಷಿ.

ಇನ್ನೂ ಒಂದು ತಮಾಷೆಯಿದೆ. ಐತ್ವದ ಚಿಹ್ನೆಯನ್ನೇ ಎರಡು ತುಂಡಾಗಿಯೂ ಬರೆಯಬಹುದು: ಎತ್ವದ ಚಿಹ್ನೆ, ಅದರ ಕೆಳಗೆ ಬರುವ ಐತ್ವದ ಬಾಲ. ಹಾಗೆ ಬರೆದರೆ ‘ಬಿಜೈ’ ಐದು ತುಂಡು. ನೋಡಲು ಎರಡೂ ಒಂದೇ. ಎರಡನ್ನೂ ಸಮಾನವೆಂದು ಪರಿಗಣಿಸಬೇಕು ಎಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಈ ಬಾಲದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಈ ತುಂಡುಗಳನ್ನು ಜೋಡಿಸಿ ನಮಗೆ ಕಾಣುವ ಅಕ್ಷರ ಮಾಡುವವರು ಯಾರು? ಹಿಂದೆ ಆ ಕೆಲಸವನ್ನು ಅಚ್ಚುಕೂಟದಲ್ಲಿ ಮನುಷ್ಯರು ಮಾಡುತ್ತಿದ್ದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದ ಕಾಲದಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲವನ್ನೂ ಕೈಯಿಂದಲೇ ಆರಿಸಿ ಅಚ್ಚುಮೊಳೆ ಜೋಡಿಸಬೇಕಿತ್ತು. ಯಾವ ಒತ್ತು ಯಾವ ಅಕ್ಷರದ ಕೆಳಗೆ ಎಂಬುದು ಮೊಳೆ ಜೋಡಿಸುವವರ ತಲೆಯಲ್ಲಿರುತ್ತಿತ್ತು.

ಕಂಪ್ಯೂಟರ್ ಬಂದ ಮೇಲೆ ಆ ತಿಳಿವಳಿಕೆ ತಂತ್ರಾಂಶದೊಳಗೆ ಹೋಯಿತು. ಮಂಗಳೂರು ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ಹಿಂದಿರುವ ವಿಚಾರವೂ ಇದೇ. ಬರೆಯುವವರು ಧ್ವನಿಗಳನ್ನು ಕ್ರಮವಾಗಿ ಒತ್ತಿದರೆ ಸಾಕು, ಅವುಗಳಿಂದ ಆಕಾರ ಕಟ್ಟುವುದು ಯಂತ್ರದ ಕೆಲಸ.

ನಿಮ್ಮ ಫೋನಿನಲ್ಲಿ ಈಗ ಆ ಮೊಳೆ ಜೋಡಿಸುವ ಕೆಲಸವನ್ನು ಆಪರೇಟಿಂಗ್ ಸಿಸ್ಟಮ್‌ನ ಒಂದು ಭಾಗ ಮಾಡುತ್ತದೆ. ಐಫೋನಿನಲ್ಲಿ ಅದರ ಹೆಸರು ಕೋರ್‌ಟೆಕ್ಸ್ಟ್. ಅದು ನಿಮ್ಮ ಕಣ್ಣಿಗೆ ಬೀಳುವ ಆ್ಯಪ್ ಅಲ್ಲ. ಅಡುಗೆಮನೆಯ ಹಿಂದಿನ ನಲ್ಲಿ ಇದ್ದಂತೆ, ಎಲ್ಲ ಆ್ಯಪ್‌ಗಳೂ ಅದರಿಂದಲೇ ನೀರು ಹಿಡಿಯುತ್ತವೆ.

ಕಣ್ಣಿಗೆ ಕಾಣದ ಅಕ್ಷರ

ಈಗ ‘ಜ್ಞಾ’ ನೋಡೋಣ. ಇದರಲ್ಲಿ ನಾಲ್ಕು ತುಂಡುಗಳು: ಜ, ಹಲಂತದ ಚಿಹ್ನೆ, ಞ, ದೀರ್ಘದ ಚಿಹ್ನೆ. ಆದರೆ ಐಫೋನನ್ನು ಬೀಳಿಸಿದ ತೆಲುಗು ‘ಜ್ಞಾ’ದಲ್ಲಿ ಐದು ತುಂಡುಗಳಿದ್ದವು. ಞ ಮತ್ತು ದೀರ್ಘದ ನಡುವೆ ಕಣ್ಣಿಗೆ ಕಾಣದ ಒಂದು ತುಂಡು ಅಡಗಿತ್ತು. ಅದರ ಹೆಸರು ‘ಜೀರೋ ವಿಡ್ತ್ ನಾನ್ ಜಾಯಿನರ್’. ಅಂದರೆ ಅಗಲವೇ ಇಲ್ಲದ, ಜೋಡಣೆಯನ್ನು ತಡೆಯುವ ಗುರುತು. ಇಲ್ಲಿ ಅದನ್ನು ‘ಕಾಣದ ತಡೆ’ ಎಂದು ಕರೆಯೋಣ.

ಇದು ವೈರಸ್ಸೂ ಅಲ್ಲ, ಕಳ್ಳರ ಸಾಧನವೂ ಅಲ್ಲ. ಕನ್ನಡಿಗರಿಗೆ ಇದು ದಿನನಿತ್ಯ ಬೇಕು. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಆದ ಮೇಲೆ ಕಾಣದ ತಡೆ ಇಲ್ಲದಿದ್ದರೆ ‘ಕ’ ಹೋಗಿ ಅದರ ಕೆಳಗೆ ಒತ್ತಾಗಿ ಕೂರುತ್ತದೆ, ‘ರಾಜ್ಕುಮಾರ್’ ಎಂದಾಗುತ್ತದೆ. ‘ಸಾಫ್ಟ್‌ವೇರ್’ ಎಂಬ ಪದದಲ್ಲೂ ಅದು ಇದೆ. ಈ ಲೇಖನದಲ್ಲೇ ಹತ್ತಾರು ಕಡೆ ಇದೆ, ನೀವು ನೋಡದೆ ದಾಟಿ ಬಂದಿದ್ದೀರಿ.

ಆದರೆ ಅದು ಇರಬೇಕಾದದ್ದು ಸಾಮಾನ್ಯವಾಗಿ ಹಲಂತದ ನಂತರ. ವ್ಯಂಜನಕ್ಕೂ ಸ್ವರಚಿಹ್ನೆಗೂ ನಡುವೆ ಅದನ್ನು ಹಾಕುವ ಅಗತ್ಯ ಮಾಮೂಲು ಬರವಣಿಗೆಯಲ್ಲಿ ಬರುವುದಿಲ್ಲ. ಅದಕ್ಕೇ ದಿನವೂ ತೆಲುಗು ಬರೆಯುವವರ ಫೋನುಗಳು ಕೆಡಲಿಲ್ಲ. ‘ಜ್ಞಾ’ ಎಂದು ಕೀಲಿಮಣೆಯಲ್ಲಿ ಸಹಜವಾಗಿ ಬರೆದರೆ ಏನೂ ಆಗುತ್ತಿರಲಿಲ್ಲ. ಕಾಣದ ತಡೆ ಸೇರಿದ್ದ ಆ ನಿರ್ದಿಷ್ಟ ಜೋಡಣೆಯನ್ನು ನಕಲು ಮಾಡಿ ಕಳುಹಿಸಿದರೆ ಮಾತ್ರ ತೊಂದರೆ.

"ತೆಲುಗು ಅಕ್ಷರ ಐಫೋನನ್ನು ಕೊಲ್ಲುತ್ತದೆ" ಎಂಬ ತಲೆಬರಹ ಇಲ್ಲಿಯೇ ಎಡವಿತ್ತು.

ಬಗ್ ಎಲ್ಲಿದೆ ಎಂದು ಹುಡುಕುವುದು ಹೇಗೆ?

ಫೋನ್ ಕೆಟ್ಟರೆ "ವೈರಸ್ ಬಂದಿದೆ" ಎಂದು ಬಿಡುವುದು ಸುಲಭ. ಹುಡುಕುವವರು ಹಾಗೆ ಮಾಡುವುದಿಲ್ಲ. ಅವರು ಮೂರು ಪ್ರಶ್ನೆ ಕೇಳುತ್ತಾರೆ.

ಮೊದಲನೆಯದು: ಎಲ್ಲೆಲ್ಲಿ ಕೆಡುತ್ತದೆ, ಎಲ್ಲೆಲ್ಲಿ ಕೆಡುವುದಿಲ್ಲ? 2018ರಲ್ಲಿ ಆ ಅಕ್ಷರದಿಂದ ಆ್ಯಪಲ್‌ನದೇ ಮೆಸೇಜಸ್ ಬಿತ್ತು, ವಾಟ್ಸಾಪ್ ಬಿತ್ತು, ಫೇಸ್‌ಬುಕ್ ಮೆಸೆಂಜರ್ ಬಿತ್ತು, ಜಿಮೇಲ್ ಬಿತ್ತು. ಇವು ಬೇರೆಬೇರೆ ಕಂಪನಿಗಳ ಆ್ಯಪ್‌ಗಳು. ಎಲ್ಲ ಕಂಪನಿಗಳೂ ಒಂದೇ ವಾರ ಒಂದೇ ತಪ್ಪು ಮಾಡುವುದು ಸಾಧ್ಯವಿಲ್ಲ. ಒಂದೇ ಓಣಿಯ ಹತ್ತು ಮನೆಗಳಲ್ಲಿ ಒಟ್ಟಿಗೆ ಕೆಸರು ನೀರು ಬಂದರೆ ಹತ್ತೂ ಮನೆಯ ನಲ್ಲಿ ಬಿಚ್ಚಬೇಕಿಲ್ಲ, ರಸ್ತೆಯ ಕೆಳಗಿನ ಪೈಪು ನೋಡಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಅದೇ ಸಂದೇಶ ಏನೂ ಮಾಡುತ್ತಿರಲಿಲ್ಲ. ಆಗ ಪರೀಕ್ಷೆಯಲ್ಲಿದ್ದ ಐಒಎಸ್ 11.3ರಲ್ಲೂ ಮಾಡುತ್ತಿರಲಿಲ್ಲ. ಹೀಗಾಗಿ ಬೆರಳು ತೋರಿದ್ದು ಆ್ಯಪ್‌ಗಳ ಕಡೆಗಲ್ಲ, ಆ ಆವೃತ್ತಿಯ ಐಒಎಸ್‌ನೊಳಗೆ ಎಲ್ಲರೂ ಬಳಸುವ ಅಕ್ಷರ ಜೋಡಿಸುವ ಭಾಗದ ಕಡೆಗೆ.

ಎರಡನೆಯದು: ಇನ್ನೂ ಚಿಕ್ಕದು ಮಾಡಬಹುದೇ? ಉದ್ದ ಸಂದೇಶ ಫೋನನ್ನು ಕೆಡಿಸಿದರೆ ಅದನ್ನು ಅರ್ಧ ಮಾಡಿ ನೋಡುತ್ತಾರೆ. ಮೊದಲರ್ಧದಲ್ಲಿ ಕೆಟ್ಟರೆ ಎರಡನೆಯದನ್ನು ಬಿಸಾಡಿ, ಉಳಿದುದನ್ನು ಮತ್ತೆ ಅರ್ಧ ಮಾಡುತ್ತಾರೆ. ಕುದ್ರೋಳಿ ದಸರಾಕ್ಕೆ ಹಾಕುವ ದೀಪದ ಸರದಲ್ಲಿ ಎಲ್ಲೋ ಒಂದು ಕಡೆ ತಂತಿ ಕಡಿದಿದ್ದರೆ ಎಲೆಕ್ಟ್ರಿಷಿಯನ್ ಒಂದನೇ ಬಲ್ಬಿನಿಂದ ಕೊನೆಯವರೆಗೆ ಒಂದೊಂದಾಗಿ ನೋಡುತ್ತಾ ಹೋಗಬೇಕಿಲ್ಲ. ನಡುವೆ ಟೆಸ್ಟರ್ ಇಟ್ಟು ಕರೆಂಟ್ ಇಲ್ಲಿಯವರೆಗೆ ಬಂದಿದೆಯೇ ನೋಡಿದರೆ ಅರ್ಧ ಸರ ಲೆಕ್ಕದಿಂದ ಹೊರಗೆ. ಸಾವಿರ ತುಂಡುಗಳಿರುವ ಸಂದೇಶವನ್ನು ಹೀಗೆ ಹತ್ತು ಸಲ ಅರ್ಧ ಮಾಡಿದರೆ ಒಂದು ತುಂಡಿನ ಹತ್ತಿರಕ್ಕೆ ಬಂದುಬಿಡುತ್ತೇವೆ.

ಮೂರನೆಯದು: ಒಂದನ್ನು ಮಾತ್ರ ಬದಲಿಸಿದರೆ ಏನಾಗುತ್ತದೆ? ಜ ಬದಲು ಕ ಇಟ್ಟರೆ? ದೀರ್ಘದ ಬದಲು ಕೊಂಬು ಇಟ್ಟರೆ? ಕಾಣದ ತಡೆಯನ್ನು ತೆಗೆದರೆ? ಒಮ್ಮೆಗೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ. ಸಾರಿಗೆ ಉಪ್ಪು, ಹುಳಿ ಎರಡನ್ನೂ ಒಟ್ಟಿಗೆ ಹಾಕಿ ರುಚಿ ನೋಡಿದ ಹಾಗೆ.

ಸಿಕ್ಕಿದ ನಿಯಮ

ಆಗ ಮೊಜಿಲ್ಲಾದಲ್ಲಿ ಎಂಜಿನಿಯರ್ ಆಗಿದ್ದ ಮನೀಶ್ ಗೋರೆಗಾಂವ್ಕರ್ ಎಂಬವರು ಆ ಅಕ್ಷರವನ್ನು ಹೀಗೆ ಬಿಡಿಸಿ ನೋಡಿ, ಅಪ್‌ಡೇಟ್ ಬರುವ ಮೊದಲೇ ತಾವು ಕಂಡುಕೊಂಡದ್ದನ್ನು ಪ್ರಕಟಿಸಿದರು. ಅವರ ಕೈಯಲ್ಲಿ ಆ್ಯಪಲ್‌ನ ಒಳಗಿನ ಕೋಡ್ ಇರಲಿಲ್ಲ. ಬೇರೆಬೇರೆ ಜೋಡಣೆಗಳು ಮತ್ತು ಭಾರತೀಯ ಲಿಪಿಗಳ ತಿಳಿವಳಿಕೆ, ಇಷ್ಟೇ ಬಂಡವಾಳ.

ಅವರಿಗೆ ಸಿಕ್ಕಿದ ನಿಯಮವನ್ನು ಸರಳವಾಗಿ ಹೇಳುವುದಾದರೆ ಹೀಗೆ: ಒಂದು ವ್ಯಂಜನ, ಹಲಂತ, ಇನ್ನೊಂದು ವ್ಯಂಜನ, ಕಾಣದ ತಡೆ, ಸ್ವರಚಿಹ್ನೆ. ಈ ಐದು ಇದೇ ಕ್ರಮದಲ್ಲಿ ಬರಬೇಕು. ಎರಡನೆಯ ವ್ಯಂಜನ ಮೊದಲನೆಯದರ ಕೆಳಗೋ ಹಿಂದೆಯೋ ಒತ್ತಿನಂತೆ ಅಂಟಿಕೊಳ್ಳುವಂಥದ್ದಾಗಿರಬೇಕು. ತೆಲುಗಿನಲ್ಲಿ ಎಲ್ಲ ವ್ಯಂಜನಗಳೂ ಹಾಗೆ ಅಂಟುತ್ತವೆ. ದೇವನಾಗರಿಯಲ್ಲಿ ‘ರ’, ಬಂಗಾಳಿಯಲ್ಲಿ ‘ರ’ ಮತ್ತು ‘ಯ’. ಅಂದರೆ ಇದು ತೆಲುಗಿನ ಒಂದು ಅಕ್ಷರದ ವಿಷಯವೇ ಅಲ್ಲ. ಹಿಂದಿ, ಮರಾಠಿ, ಬಂಗಾಳಿಯಲ್ಲೂ ಐಫೋನನ್ನು ಬೀಳಿಸುವ ಜೋಡಣೆಗಳಿದ್ದವು. ಮೊದಲು ಕಣ್ಣಿಗೆ ಬಿದ್ದದ್ದು ತೆಲುಗಿನದು ಅಷ್ಟೆ.

ನಿಯಮದಲ್ಲಿ ಒಂದು ವಿನಾಯಿತಿಯೂ ಇತ್ತು. ಸ್ವರಚಿಹ್ನೆ ಎರಡು ತುಂಡಿನದಾಗಿದ್ದರೆ ಫೋನ್ ಬೀಳುತ್ತಿರಲಿಲ್ಲ. ತೆಲುಗಿನಲ್ಲಿ ಹಾಗೆ ಬಚಾವಾಗುತ್ತಿದ್ದುದು ಐತ್ವ. ಹೌದು, ನಮ್ಮ ‘ಬಿಜೈ’ಯ ಕೊನೆಯಲ್ಲಿ ಬಾಲ ಇಳಿಬಿಟ್ಟು ಕುಳಿತಿರುವ ಐತ್ವದ ತೆಲುಗು ಸೋದರ.

ಈ ವಿನಾಯಿತಿ ಒಳ್ಳೆಯ ಸುಳಿವು. ‘ಜ್ಞಾ’ವನ್ನು ಬರೆಯುವಾಗ ದೀರ್ಘದ ಚಿಹ್ನೆ ಕೊನೆಯಲ್ಲಿ ಬರುತ್ತದೆ, ಞ ಆದ ಮೇಲೆ. ಆದರೆ ಪರದೆಯಲ್ಲಿ ಅದು ಕೂರಬೇಕಾದದ್ದು ಞ ಒತ್ತಿಗಲ್ಲ, ಮೇಲಿನ ಜ ಅಕ್ಷರಕ್ಕೆ. ಹಾಗಾಗಿ ಅಕ್ಷರ ಜೋಡಿಸುವ ತಂತ್ರಾಂಶ ಆ ಚಿಹ್ನೆಯನ್ನು ಒತ್ತಿನ ಮೇಲಿಂದ ಹಾರಿಸಿ ಹಿಂದಕ್ಕೆ ಒಯ್ಯಬೇಕು. ನಡುವೆ ಕಾಣದ ತಡೆಯೊಂದು ಕುಳಿತಿದೆ. ಸ್ವರಚಿಹ್ನೆಯ ಬಗೆ ಬದಲಾದಾಗ ಬಗ್ ಕಾಣೆಯಾಗುತ್ತದೆ, ಕಾಣದ ತಡೆ ತೆಗೆದಾಗಲೂ ಕಾಣೆಯಾಗುತ್ತದೆ, ಒತ್ತು ಇಲ್ಲದಿದ್ದಾಗಲೂ ಕಾಣೆಯಾಗುತ್ತದೆ. ಮೂರೂ ಸೇರಿ ಈ ಹಾರುವ ಹಂತದ ಆಸುಪಾಸನ್ನೇ ತೋರಿಸುತ್ತವೆ.

ಆ್ಯಪಲ್ ತನ್ನ ಭದ್ರತಾ ಟಿಪ್ಪಣಿಯಲ್ಲಿ ದೋಷ ಕೋರ್‌ಟೆಕ್ಸ್ಟ್‌ನಲ್ಲಿತ್ತು ಎಂದು ಹೇಳಿತು. ಅಂತಹ ಅಕ್ಷರ ಸಾಲನ್ನು ನಿಭಾಯಿಸುವಾಗ ಮೆಮೊರಿ ಕೆಡುತ್ತಿತ್ತು, ಒಳಬರುವ ಅಕ್ಷರಗಳನ್ನು ಇನ್ನಷ್ಟು ಎಚ್ಚರಿಕೆಯಿಂದ ಪರೀಕ್ಷಿಸುವಂತೆ ಮಾಡಿ ಸರಿಪಡಿಸಿದ್ದೇವೆ ಎಂಬುದು ಅದರ ಸಾರ.

ಬೈಗುಳ ತಿಂದದ್ದು ಭಾಷೆ

ಇಲ್ಲಿ ನಾವು ಒಂದು ನಿಮಿಷ ನಿಲ್ಲಬೇಕು. ಆ ವಾರ ತೆಲುಗಿನ ಮೇಲೆ ಎಷ್ಟೋ ತಮಾಷೆಗಳು ಹರಿದಾಡಿದವು. ‘ಅಪಾಯಕಾರಿ ಅಕ್ಷರ’, ‘ಕೊಲೆಗಾರ ಅಕ್ಷರ’ ಎಂಬ ಮಾತುಗಳು ಬಂದವು. ಜ್ಞಾನ ಎಂಬ ಪದವನ್ನು ಕಲಿಸುವ ಅಕ್ಷರಕ್ಕೆ ಆ ಪಟ್ಟ.

ಇದು ಒಂದೇ ಸಲ ಆದದ್ದಲ್ಲ. 2015ರ ಮೇ ತಿಂಗಳಲ್ಲಿ ಅರಬ್ಬಿ ಅಕ್ಷರಗಳಿದ್ದ ಒಂದು ಸಂದೇಶ ಐಫೋನುಗಳನ್ನು ಬೀಳಿಸಿತು. 2020ರ ಏಪ್ರಿಲ್‌ನಲ್ಲಿ ಸಿಂಧಿ ಅಕ್ಷರಗಳೂ ಇಟಲಿಯ ಬಾವುಟದ ಎಮೋಜಿಯೂ ಸೇರಿದ ಸಂದೇಶ ಅದೇ ಕೆಲಸ ಮಾಡಿತು. ಅರಬ್ಬಿ, ತೆಲುಗು, ಸಿಂಧಿ. ಮೂರರಲ್ಲೂ ಅಕ್ಷರಗಳು ಒಂದಕ್ಕೊಂದು ಕೂಡಿ ಆಕಾರ ಬದಲಿಸುತ್ತವೆ. ಇಂಗ್ಲಿಷಿನಲ್ಲಿ ಅಕ್ಷರಗಳು ಸಾಲಾಗಿ ನಿಂತರೆ ಮುಗಿಯಿತು. ನಮ್ಮ ಲಿಪಿಗಳಲ್ಲಿ ಒತ್ತು ಕೆಳಗಿಳಿಯಬೇಕು, ಅರ್ಕಾವತ್ತು ಹಿಂದಕ್ಕೆ ಓಡಬೇಕು, ಕೊಂಬು ಪಕ್ಕಕ್ಕೆ ಬರಬೇಕು. ಕೆಲಸ ಹೆಚ್ಚಿದ್ದಲ್ಲಿ ಪರೀಕ್ಷೆಯೂ ಹೆಚ್ಚಿರಬೇಕು. ಪರೀಕ್ಷೆ ಸಾಲದಿದ್ದರೆ ಬಗ್ ಉಳಿಯುತ್ತದೆ.

ಮನೀಶ್ ಅವರ ನಿಯಮದಲ್ಲಿ ಕನ್ನಡದ ಹೆಸರು ಇರಲಿಲ್ಲ. ಆದರೆ ಕನ್ನಡ ಮತ್ತು ತೆಲುಗು ಲಿಪಿಗಳು ಅಕ್ಕತಂಗಿಯರು. ಒತ್ತು ಕೂರಿಸುವ ರೀತಿ ಬಹುಪಾಲು ಒಂದೇ. ಅಂದು ‘ಕನ್ನಡ ಅಕ್ಷರ ಫೋನ್ ಕೆಡಿಸುತ್ತದೆ’ ಎಂಬ ತಲೆಬರಹ ಬಂದಿದ್ದರೆ ನಮಗೆ ಹೇಗನ್ನಿಸುತ್ತಿತ್ತು? ತನ್ನ ಭಾಷೆಯಲ್ಲಿ ಬರೆದದ್ದಕ್ಕೆ ಯಾರೂ ಅಪರಾಧಿಯಾಗಬಾರದು. ಗಿರಾಕಿ ಸರಿಯಾದ ನೋಟು ಕೊಟ್ಟಾಗ ಎಣಿಸುವ ಯಂತ್ರ ಕೆಟ್ಟರೆ ತಪ್ಪು ಗಿರಾಕಿಯದ್ದೇ?

ಫೋಟೋ, ಚುಕ್ಕೆ, ತಾರೀಕು: ಇವುಗಳ ಕಥೆಯೇನು?

ಫೋಟೋ: 2020ರ ಮೇ ಕೊನೆಯಲ್ಲಿ "ಈ ಚಿತ್ರವನ್ನು ವಾಲ್‌ಪೇಪರ್ ಮಾಡಬೇಡಿ" ಎಂಬ ಎಚ್ಚರಿಕೆ ಹರಡಿತು. ಸರೋವರ, ಬೆಟ್ಟ, ಸಂಜೆಯ ಮೋಡ ಇದ್ದ ಚಂದದ ಚಿತ್ರ. ಈ ಎಚ್ಚರಿಕೆ ನಿಜವಾಗಿತ್ತು. ಆಂಡ್ರಾಯ್ಡ್ 10 ಇದ್ದ ಕೆಲವು ಸ್ಯಾಮ್‌ಸಂಗ್ ಮತ್ತು ಪಿಕ್ಸೆಲ್ ಫೋನುಗಳು ಇದನ್ನು ವಾಲ್‌ಪೇಪರ್ ಮಾಡಿದ ಕೂಡಲೇ ಪರದೆ ಆರಿ ಹತ್ತುವುದರಲ್ಲೇ ಸಿಕ್ಕಿಕೊಂಡವು. ಕಾರಣ ಮಾತ್ರ ಮಾಟವೂ ಅಲ್ಲ, ವೈರಸ್ಸೂ ಅಲ್ಲ. ಚಿತ್ರದ ಪ್ರತಿ ಬಿಂದುವಿನ ಹೊಳಪನ್ನು ಫೋನ್ 0ಯಿಂದ 255ರವರೆಗಿನ 256 ಡಬ್ಬಿಗಳಲ್ಲಿ ಹಂಚುತ್ತದೆ. ಆ ಚಿತ್ರವನ್ನು ಹೆಚ್ಚು ಬಣ್ಣಗಳನ್ನು ಹಿಡಿಯುವ ಬೇರೆ ಪದ್ಧತಿಯಲ್ಲಿ ಉಳಿಸಲಾಗಿತ್ತು. ಲೆಕ್ಕ ಹಾಕುವಾಗ ಹೊಳಪು 255ನ್ನು ಮೀರಿತು. ಅದಕ್ಕೆ ಡಬ್ಬಿಯೇ ಇರಲಿಲ್ಲ. ಫೋನಿನ ಮುಖಪುಟ ನಡೆಸುವ ಭಾಗ ಕುಸಿಯಿತು, ಮತ್ತೆ ಎದ್ದಾಗ ಮತ್ತೆ ಅದೇ ಚಿತ್ರ. ಚಿತ್ರ ತೆಗೆದದ್ದು ಒಬ್ಬ ಹವ್ಯಾಸಿ ಛಾಯಾಗ್ರಾಹಕ. ಅವರಿಗೆ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ.

ಕಪ್ಪು ಚುಕ್ಕೆ: 2018ರ ಮೇ ತಿಂಗಳಲ್ಲಿ "ಈ ಕಪ್ಪು ಚುಕ್ಕೆ ಮುಟ್ಟಿದರೆ ವಾಟ್ಸಾಪ್ ಹ್ಯಾಂಗ್ ಆಗುತ್ತದೆ" ಎಂಬ ಸಂದೇಶ ಬಂದಿತ್ತು. ಮುಟ್ಟಿದರೆ ಹ್ಯಾಂಗ್ ಆಗುತ್ತಲೂ ಇತ್ತು. ಚುಕ್ಕೆಯಲ್ಲಿ ಏನೂ ಇರಲಿಲ್ಲ. ಆ ಸಂದೇಶದೊಳಗೆ ಬರವಣಿಗೆಯ ದಿಕ್ಕು ಬದಲಿಸುವ ಕಾಣದ ಗುರುತುಗಳನ್ನು ಸಾವಿರಗಟ್ಟಲೆ ತುಂಬಿದ್ದರು. ಅವನ್ನೆಲ್ಲ ಬಿಡಿಸಲು ಹೋಗಿ ಆ್ಯಪ್ ಉಸಿರುಗಟ್ಟುತ್ತಿತ್ತು.

ತಾರೀಕು: 2016ರ ಫೆಬ್ರವರಿಯಲ್ಲಿ "ಐಫೋನಿನ ತಾರೀಕನ್ನು 1970ರ ಜನವರಿ 1ಕ್ಕೆ ಇಟ್ಟರೆ ಹಳೆಯ ಕಾಲದ ಬಣ್ಣದ ಲೋಗೋ ಕಾಣುತ್ತದೆ" ಎಂಬ ಆಮಿಷ ಹರಡಿತು. ಲೋಗೋ ಸುಳ್ಳು, ಹಾನಿ ನಿಜ. ಹಾಗೆ ಮಾಡಿದ ಹಲವು ಫೋನುಗಳು ಮತ್ತೆ ಏಳಲಿಲ್ಲ. ಕಂಪ್ಯೂಟರುಗಳ ಒಂದು ದೊಡ್ಡ ಪಂಗಡ ಕಾಲವನ್ನು ಎಣಿಸಲು ಆರಂಭಿಸುವ ಸೊನ್ನೆಯ ಬಿಂದುವೇ ಆ ದಿನ. ಐಒಎಸ್ 9.3ರಲ್ಲಿ ಅದು ಸರಿಯಾಯಿತು.

ನಾಲ್ಕೂ ಕಥೆಗಳಲ್ಲಿ ಒಂದೇ ಎಳೆ ಇದೆ. ಹೊರಗಿನಿಂದ ಬಂದ ವಸ್ತು ವಿಚಿತ್ರವಾಗಿತ್ತು, ಒಳಗಿನ ಸಣ್ಣ ತಂತ್ರಾಂಶ ಅಂತಹ ವಿಚಿತ್ರಕ್ಕೆ ತಯಾರಿರಲಿಲ್ಲ.

ಹಾಗಾದರೆ ಬ್ಯಾಂಕ್ ಖಾತೆಗೆ ಅಪಾಯವೇ?

ಫಾರ್ವರ್ಡುಗಳು ಸುಳ್ಳಿಗೆ ಜಾರುವುದು ಇಲ್ಲಿ. ಆ್ಯಪ್ ಮುಚ್ಚಿಕೊಳ್ಳುವುದು ಬೇರೆ, ಯಾರೋ ನಿಮ್ಮ ಹಣ ಎತ್ತುವುದು ಬೇರೆ. 2018ರ ಆ ಅಕ್ಷರ ಆ್ಯಪ್ ಬೀಳಿಸಿತು. ಯುಪಿಐ ಪಿನ್ ಕದಿಯುವ ಸೂಚನೆ ಯಾವುದೂ ಅದರೊಳಗಿರಲಿಲ್ಲ. ಅದು ವೈರಸ್ಸಿನಂತೆ ತಾನಾಗಿ ಫೋನಿನಿಂದ ಫೋನಿಗೆ ಹಾರಲೂ ಇಲ್ಲ. ಹರಡಿದ್ದು ಮನುಷ್ಯರ ಬೆರಳುಗಳು.

ಹಾಗೆಂದು ಅಸಡ್ಡೆಯೂ ಸಲ್ಲದು. ಮೆಮೊರಿ ಕೆಡಿಸುವ ಬಗ್‌ಗಳನ್ನು ದುರುಳರು ಬೇರೆ ರೀತಿಯಲ್ಲಿ ಬಳಸಿಕೊಳ್ಳುವ ಸಾಧ್ಯತೆ ಇರುತ್ತದೆ. ಅದಕ್ಕೇ ಕಂಪನಿಗಳು ಅವನ್ನು ಭದ್ರತೆಯ ವಿಷಯವೆಂದು ಪರಿಗಣಿಸಿ ಬೇಗ ಅಪ್‌ಡೇಟ್ ಕೊಡುತ್ತವೆ. ನಿಮ್ಮ ರಕ್ಷಣೆ ಇರುವುದು ಆ ಅಪ್‌ಡೇಟಿನಲ್ಲಿ, ಫಾರ್ವರ್ಡಿನಲ್ಲಿ ಅಲ್ಲ.

ಇಂತಹ ಸಂದೇಶ ಬಂದರೆ ಏನು ಮಾಡಬೇಕು?

1. ಆ ಅಕ್ಷರವನ್ನೋ ಚಿತ್ರವನ್ನೋ ಮುಂದೆ ಕಳುಹಿಸಬೇಡಿ. "ಇದನ್ನು ತೆರೆಯಬೇಡಿ" ಎಂದು ಹೇಳಲು ಅದನ್ನೇ ಲಗತ್ತಿಸಿ ಕಳುಹಿಸುವುದು ಹಾವಿನ ಬಗ್ಗೆ ಎಚ್ಚರಿಸಲು ಹಾವನ್ನೇ ಕೊಟ್ಟು ಕಳುಹಿಸಿದ ಹಾಗೆ.

2. ಸಂದೇಶದಲ್ಲಿ ಯಾವ ಫೋನ್, ಯಾವ ಆವೃತ್ತಿ, ಯಾವ ದಿನ ಎಂಬುದು ಇದೆಯೇ ನೋಡಿ. ನಿಜವಾದ ಎಚ್ಚರಿಕೆಯಲ್ಲಿ ಇವು ಇರುತ್ತವೆ. "ಎಲ್ಲ ಫೋನುಗಳೂ", "ಕೂಡಲೇ", "ಎಲ್ಲ ಗುಂಪಿಗೂ" ಎಂಬ ಮಾತುಗಳಷ್ಟೇ ಇದ್ದರೆ ಅನುಮಾನಪಡಿ.

3. ಸೆಟ್ಟಿಂಗ್ಸ್‌ಗೆ ಹೋಗಿ ಸಾಫ್ಟ್‌ವೇರ್ ಅಪ್‌ಡೇಟ್ ಬಾಕಿಯಿದೆಯೇ ನೋಡಿ. ವಾಟ್ಸಾಪನ್ನೂ ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದ ಅಪ್‌ಡೇಟ್ ಮಾಡಿ.

4. ಒಂದು ಸಂದೇಶದಿಂದ ಆ್ಯಪ್ ಪದೇಪದೇ ಮುಚ್ಚುತ್ತಿದ್ದರೆ ಗಾಬರಿಯಾಗಬೇಡಿ. ಅದನ್ನು ಕಳುಹಿಸಿದವರಿಗೆ ‘ಎಲ್ಲರಿಗೂ ಅಳಿಸು’ ಮಾಡಲು ಹೇಳಿ. ಅಥವಾ ಅವರಿಂದ ಬೇರೆ ಮಾಮೂಲು ಸಂದೇಶಗಳನ್ನು ಕಳುಹಿಸಿಸಿ, ಆ ಚಾಟ್ ತೆರೆಯದೆ ಪಟ್ಟಿಯಲ್ಲೇ ಒತ್ತಿಹಿಡಿದು ಅಳಿಸಿ. 2018ರಲ್ಲಿ ಎಷ್ಟೋ ಮಂದಿ ಹೀಗೆಯೇ ಪಾರಾದರು. ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ಜೋಡಿಸಿದ್ದರೆ ಅಲ್ಲಿಂದಲೂ ಅಳಿಸಬಹುದು.

5. ಆಂಡ್ರಾಯ್ಡ್ ಫೋನ್ ಪರದೆ ಆರಿ ಹತ್ತುತ್ತಲೇ ಇದ್ದರೆ ಮೊದಲು ಸೇಫ್ ಮೋಡ್‌ನಲ್ಲಿ ತೆರೆದು ನೋಡಿ.

6. ‘ಫ್ಯಾಕ್ಟರಿ ರೀಸೆಟ್’ ಕೊನೆಯ ದಾರಿ. ಅದು ಬಗ್‌ನ ಜತೆಗೆ ಮಗುವಿನ ಮೊದಲ ಹೆಜ್ಜೆಯ ವಿಡಿಯೊವನ್ನೂ ತೀರಿಹೋದ ಅಜ್ಜಿಯ ದನಿಯನ್ನೂ ಅಳಿಸುತ್ತದೆ. ಮೊಬೈಲ್ ಅಂಗಡಿಗೆ ಕೊಡುವಾಗ "ನನ್ನ ಫೋಟೋ, ಚಾಟ್ ಉಳಿಯುತ್ತವೆಯೇ?" ಎಂದು ಕೇಳಿಯೇ ಕೊಡಿ. ಇಂದೇ ಒಂದು ಬ್ಯಾಕಪ್ ಮಾಡಿಟ್ಟರೆ ಈ ಪ್ರಶ್ನೆಯೇ ಬರುವುದಿಲ್ಲ.

7. ತುಂಬಾ ಹಳೆಯ ಫೋನುಗಳಿಗೆ ಕಂಪನಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿರುತ್ತದೆ. ಮನೆಯ ಹಿರಿಯರ ಕೈಯಲ್ಲಿರುವುದು ಬಹುತೇಕ ಅಂಥವೇ. ತಮಾಷೆಗೆಂದು ಕಳುಹಿಸಿದ ಅಕ್ಷರ ನಿಮ್ಮ ಹೊಸ ಫೋನಿನಲ್ಲಿ ಏನೂ ಮಾಡದಿದ್ದರೂ ಅವರ ಫೋನಿನಲ್ಲಿ ಮಾಡಬಹುದು. ಔಷಧಿ ಅಂಗಡಿಗೆ, ಮಗನಿಗೆ, ಆಸ್ಪತ್ರೆಗೆ ಕರೆ ಮಾಡಲು ಅವರಿಗಿರುವುದು ಅದೊಂದೇ ಫೋನ್.

ಕೊನೆಯದಾಗಿ

ಅಕ್ಷರ ಫೋನನ್ನು ಕೆಡಿಸುವುದಿಲ್ಲ. ಅಕ್ಷರವನ್ನು ಸರಿಯಾಗಿ ಓದಲು ಬಾರದ ತಂತ್ರಾಂಶ ತಾನೇ ಎಡವುತ್ತದೆ. ಎಲ್ಲಿ ಎಡವಿತು ಎಂದು ಕಂಡುಹಿಡಿದವರು ಮಾಡಿದ್ದಿಷ್ಟೇ: ಹೆದರಲಿಲ್ಲ, ಎಲ್ಲೆಲ್ಲಿ ಆಗುತ್ತದೆ ಎಂದು ಕೇಳಿದರು, ಚಿಕ್ಕದು ಮಾಡಿದರು, ಒಂದೊಂದನ್ನೇ ಬದಲಿಸಿ ನೋಡಿದರು. ಫಾರ್ವರ್ಡ್ ಒತ್ತುವ ಮೊದಲು ನಾವೂ ಅಷ್ಟು ಮಾಡಬಹುದು. ಯಾವ ಫೋನ್? ಯಾವಾಗ? ಸರಿಯಾಗಿದೆಯೇ? ಈ ಮೂರಕ್ಕೆ ಉತ್ತರ ಸಿಗದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.